ಮಕ್ಕಳಿಗೆ ಗದ್ದಲ ಕಲಿಸುವ ಗುಂಡಮ್ಮ

"ಕೇಳಸ್ಲಿಲ್ಲ. ಜೋರಾಗಿ ಹೇಳು!"

ಮಲ್ಕಾಜ್‌ಗಿರಿ ರೈಲು ನಿಲ್ದಾಣದ ಹಿಂಬದಿಯಲ್ಲಿ ಬೆಳಕು ಇನ್ನೂ ನೆಟ್ಟಗೆ ಹರಿದಿಲ್ಲ. ಅರ್ಧ ಎದ್ದುನಿಂತ ಅಪಾರ್ಟ್‌ಮೆಂಟೊಂದರ ಮಗ್ಗುಲಿಗೆ ತಗಡಿನ ಶೆಡ್ಡುಗಳ ಸಾಲು. ಕೊನೆಯ ಶೆಡ್ಡಿನ ಮುಂದೆ ಇಟ್ಟಿಗೆಗಳ ಮೇಲೆ ಕುಳಿತ ಗುಂಡಮ್ಮ ಪುಟ್ಟ ಹುಡುಗಿಯೊಬ್ಬಳ ಕೂದಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಬಾಚಣಿಗೆ ಎತ್ತಿಕೊಂಡು ಕಾಯುತ್ತಿದ್ದಾರೆ. ಒಂದು ಜಡೆಯೋ ಎರಡು ಜಡೆಯೋ ಎಂಬುದು ಪ್ರಶ್ನೆ. ಹುಡುಗಿ ತುಟಿಯೊಳಗೇ ಏನೋ ಗೊಣಗುತ್ತಾಳೆ. ಬಾಚಣಿಗೆ ಕೆಳಗಿಳಿಯುವುದಿಲ್ಲ.

"ಎರಡು!" ಹುಡುಗಿ ಕಿರುಚುತ್ತಾಳೆ.

"ಯಾಕ ಎರಡು?"

"ಒಂದು ಹಾಕಿದ್ರ ಬೆನ್ನಿಗೆ ಚುಚ್ಚತೈತಿ, ಆಯಿ!"

"ಹಾಂ, ಹಂಗ ಬಾ ದಾರಿಗೆ," ಎನ್ನುತ್ತಾ ಗುಂಡಮ್ಮ ಬಾಚತೊಡಗುತ್ತಾರೆ. ಅವಳ ಹಿಂದೆ ಇನ್ನೂ ಹತ್ತು ಹನ್ನೆರಡು ಮಕ್ಕಳು ಕಣ್ಣುಜ್ಜುತ್ತಾ ನಿಂತಿವೆ. ಮುಖಕ್ಕೆ ಬಿಸಿನೀರೋ ತಣ್ಣೀರೋ, ತಿನ್ನಲು ರಾತ್ರಿಯ ರೊಟ್ಟಿಯೋ ಅವಲಕ್ಕಿಯೋ, ಪ್ರತಿಯೊಂದಕ್ಕೂ ಪ್ರತಿಯೊಬ್ಬರೂ ಬಾಯಿಬಿಟ್ಟು ಉತ್ತರ ಕೊಡಲೇಬೇಕು. ಜಗತ್ತಿನ ಮಿಕ್ಕೆಲ್ಲ ಕಡೆ ಬೆಳಗಾಗೆದ್ದು ಮಕ್ಕಳಿಗೆ ಬಾಯಿ ಮುಚ್ಚಿ ಎಂದು ಬೈಯುತ್ತಾರೆ. ಇಲ್ಲಿ ಬಾಯಿ ತೆರೆಯದ ಮಗುವಿಗೆ ಬೈಗುಳ ಬೀಳುತ್ತದೆ.

ಸ್ಲ್ಯಾಬ್ ಕೆಲಸಕ್ಕೆ ಹೊರಟ ಮಲ್ಲಣ್ಣ ಊಟದ ಡಬ್ಬಿ ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಲ್ಲುತ್ತಾರೆ. "ಏನ್ ಗುಂಡಮ್ಮಕ್ಕಾ, ಮುಂಜಾನೆದ್ದು ಸಂತಿ ಹಚ್ಚೀಯಲ್ಲ!"

"ಹಚ್ಚೀನಿ. ನೀ ಹೋಗಪಾ ನಿನ್ನ ಸ್ಲ್ಯಾಬಿಗೆ."

ಮಲ್ಲಣ್ಣ ನಗುತ್ತಾ ಹೋಗುತ್ತಾರೆ. ಅವರ ಮಗಳು ಶಾಂಭವಿ ಆಗಲೇ ಎದ್ದು, ಪಕ್ಕದ ಶೆಡ್ಡಿನ ಗೋಡೆಗೊರಗಿ ತೆಲುಗು ಪಾಠವನ್ನು ತಪ್ಪುತಪ್ಪಾಗಿಯಾದರೂ ಊರಿಗೆಲ್ಲ ಕೇಳುವಂತೆ ಓದುತ್ತಿದ್ದಾಳೆ. ಕಳೆದ ಜೂನ್ ತಿಂಗಳಲ್ಲಿ ಈ ಹುಡುಗಿಯ ಗಂಟಲಿನಿಂದ ಒಂದು ಶಬ್ದ ಹೊರಡಿಸಲು ಇಡೀ ಶಾಲೆಗೇ ಆಗಿರಲಿಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ.

ಗುಂಡಮ್ಮನ ಊರು ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆಯದು. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ರೈಲು ಹತ್ತಿ ಕಾಚಿಗೂಡದಲ್ಲಿ ಇಳಿದವರು, ಆಮೇಲೆ ಈ ತೆಲುಗು ಮಹಾನಗರದ ಯಾವ್ಯಾವ ಮೂಲೆಯಲ್ಲಿ ಎಷ್ಟು ಕಟ್ಟಡಗಳಿಗೆ ಇಟ್ಟಿಗೆ ಹೊತ್ತರೋ ಅವರಿಗೇ ಲೆಕ್ಕವಿಲ್ಲ. ಗಂಡ ತೀರಿಕೊಂಡು ವರ್ಷಗಳಾದವು. ಮೊಣಕಾಲು ಸೋತ ಮೇಲೆ ಹೊರೆ ಇಳಿಸಿದ್ದಾರೆ. ಈಗ ಬೆಳಗಿನಿಂದ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವುದು, ದೊಡ್ಡವರನ್ನು ಶಾಲೆಗೆ ಮುಟ್ಟಿಸುವುದು, ಮಧ್ಯಾಹ್ನ ಹತ್ತಿರದ ಫ್ಲ್ಯಾಟೊಂದರಲ್ಲಿ ಪಾತ್ರೆ ತೊಳೆಯುವುದು. ಮಕ್ಕಳನ್ನು ನೋಡಿಕೊಂಡದ್ದಕ್ಕೆ ಯಾರು ಏನು ಕೊಟ್ಟರೆ ಅದು. ಕೆಲವರು ಅಕ್ಕಿ, ಕೆಲವರು ಎಣ್ಣೆ, ಕೈಯಲ್ಲಿ ಇದ್ದಾಗ ರೊಕ್ಕ.

ಈ ಕೆಲಸದಲ್ಲಿ ಅವರಿಗೆ ಹೆಸರು ಬಂದಿದ್ದು ಗದ್ದಲದಿಂದಲ್ಲ, ಅದರ ತದ್ವಿರುದ್ಧ ಗುಣದಿಂದ. ಕಟ್ಟಡ ಕೆಲಸ ನಡೆಯುವ ಜಾಗದಲ್ಲಿ ಮಕ್ಕಳು ಇರಕೂಡದು ಎಂಬ ನಿಯಮವಿದೆ. ಮಕ್ಕಳ ಒಳಿತಿಗೇ ಮಾಡಿದ ನಿಯಮ, ತಪ್ಪೇನಿಲ್ಲ. ಆದರೆ ಆ ಮಕ್ಕಳನ್ನು ಮತ್ತೆಲ್ಲಿ ಬಿಟ್ಟುಬರಬೇಕು ಎಂದು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಹೀಗಾಗಿ ಮೇಸ್ತ್ರಿಗಳು ಕಂಡೂ ಕಾಣದ ಹಾಗಿರುತ್ತಾರೆ, ಮೇಲಿನವರ ಕಣ್ಣಿಗೆ ಬೀಳದಿದ್ದರೆ ಸರಿ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೈಲು ಹಿಡಿದವರು ಯಾರೇ ಗೇಟಿನೊಳಗೆ ಬರಲಿ, ಗುಂಡಮ್ಮ ಮೆಲ್ಲಗೆ "ಹದ್ದು" ಎನ್ನುತ್ತಿದ್ದರು. ಅಷ್ಟೇ. ಮರಳಿನ ಗುಡ್ಡೆಯ ಹಿಂದೆ, ನೀರಿನ ಡ್ರಮ್ಮಿನ ಮರೆಗೆ, ಪ್ಲೈವುಡ್ ಹಾಳೆಗಳ ಅಡಿಗೆ ಮಕ್ಕಳು ಮಾಯ. ಎರಡು ವರ್ಷದ ಕೂಸು ಕೂಡ ಕೆಮ್ಮು ನುಂಗಿಕೊಂಡು ಕೂರುತ್ತಿತ್ತು. ಗುಂಡಮ್ಮನ ಹತ್ತಿರ ಬಿಟ್ಟರೆ ಮಕ್ಕಳ ಸಪ್ಪಳವೇ ಇರುವುದಿಲ್ಲ ಎಂದು ತಾಯಂದಿರು ಹುಡುಕಿಕೊಂಡು ಬರುತ್ತಿದ್ದರು.

ಅವರ ಮಗ ಚನ್ನು ಬೆಳೆದದ್ದೂ ಹಾಗೆಯೇ. ಕಟ್ಟಡ ಬದಲಾದ ಹಾಗೆ ಶಾಲೆ ಬದಲು, ಆದರೆ ಎಲ್ಲ ಶಾಲೆಯಲ್ಲೂ ಹಿಂದಿನ ಬೆಂಚು ಮಾತ್ರ ಅದೇ. ಮೇಷ್ಟ್ರು ಕರೆಸಿ ಹೇಳುವ ಮಾತೂ ಅದೇ, ಹುಡುಗ ಬಾಯೇ ಬಿಡುವುದಿಲ್ಲ, ತಲೆಗೆ ಏನೂ ಹತ್ತುವುದಿಲ್ಲ. ಚನ್ನು ಆರನೆಯ ತರಗತಿಗೆ ಶಾಲೆ ಬಿಟ್ಟ. ಈಗ ಟೈಲ್ಸ್ ಹಾಕುತ್ತಾನೆ.

"ಎಂಥಾ ಚೊಲೊ ಕೆಲಸಗಾರ ಅದಾನ್ರಿ ಅಂವಾ," ಎನ್ನುತ್ತಾರೆ ಗುಂಡಮ್ಮ. "ಮೂಲಿ ಕೂಡ್ಸೂದು ನೋಡಿದ್ರ ನೋಡ್ಕೋತನ ನಿಲ್ಲಬೇಕು. ಆದ್ರ ಈಗೂ ಅಂತಾನ, ನನಗ ತಲಿ ಇಲ್ಲವ್ವಾ ಅಂತ. ಮಾಸ್ತರು ಹೇಳಿದ್ದು ನಾನೂ ನಂಬಿದ್ದೆ ನೋಡ್ರಿ. ಅದು ನೆನಸಿದ್ರ ಹೊಟ್ಟಿ ಉರೀತೈತಿ."

ಚನ್ನು ಯಾಕೆ ಬಾಯಿ ಬಿಡುತ್ತಿರಲಿಲ್ಲ ಎಂದು ತಿಳಿದಿದ್ದು ಶಾಂಭವಿಯ ದೆಸೆಯಿಂದ. ಮಲ್ಲಣ್ಣ ಮತ್ತು ಪಾರ್ವತೆಮ್ಮ ದಂಪತಿಯ ದೊಡ್ಡ ಮಗಳು ಶಾಂಭವಿ. ಪುಟ್ಟವಳಿದ್ದಾಗ ನಾಲ್ಕು ವರ್ಷ ಗುಂಡಮ್ಮನ ಕೈಯಲ್ಲೇ ಬೆಳೆದವಳು. ಆಮೇಲೆ ಊರಿನಲ್ಲಿ ಅಜ್ಜಿಯ ಜೊತೆ ಇದ್ದು ಕನ್ನಡ ಶಾಲೆಯಲ್ಲಿ ಮೂರನೆಯ ತರಗತಿ ಮುಗಿಸಿದಳು. ಹೋದ ಬೇಸಿಗೆಯಲ್ಲಿ ತಂದೆತಾಯಿಯ ಬಳಿಗೆ ಬಂದಳು. ಜೂನ್‌ನಲ್ಲಿ ಅವಳನ್ನೂ ಇನ್ನು ನಾಲ್ವರನ್ನೂ ಗುಂಡಮ್ಮ ಹತ್ತಿರದ ಸರ್ಕಾರಿ ಶಾಲೆಗೆ ಕರೆದೊಯ್ದರು. ಅಲ್ಲಿ ಸುಮಂಗಲಾ ಟೀಚರ್ ಸಿಕ್ಕಿದ್ದು ಅದೃಷ್ಟ. ಅವರದು ತಲೆಮಾರುಗಳಿಂದ ಕಾಚಿಗೂಡದಲ್ಲಿ ನೆಲೆನಿಂತ ಕನ್ನಡದ ಮನೆ. ಪಾಠ ತೆಲುಗು, ಇಂಗ್ಲಿಷಿನಲ್ಲಿ ಮಾಡಿದರೂ ಮನೆಮಾತು ಮರೆತಿಲ್ಲ. ಮಕ್ಕಳನ್ನು ಕೂರಿಸಿ ಹೆಸರು ಕೇಳಲು ಶುರು ಮಾಡಿದ್ದರಷ್ಟೆ. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಒಳಗೆ ಬಂದರು. ಶಾಲೆಯಲ್ಲಿ ಎಲ್ಲರೂ ಅವರನ್ನು ತೆಲುಗಿನಲ್ಲಿ ಪೆದ್ದ ಮೇಡಂ ಎನ್ನುತ್ತಾರೆ, ಎಂದರೆ ದೊಡ್ಡ ಮೇಡಂ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೈಲು.

ಯಾರೂ "ಹದ್ದು" ಎನ್ನಲಿಲ್ಲ. ಅನ್ನುವ ಅಗತ್ಯವೂ ಬೀಳಲಿಲ್ಲ. ಮೇಡಂ ಹೊಸಿಲು ದಾಟಿ ತಲೆಯೆತ್ತಿ ನೋಡುವಷ್ಟರಲ್ಲಿ ಐದು ಮಕ್ಕಳೂ ಕಾಣೆ. ಒಬ್ಬ ಅಲಮಾರಿಯ ಹಿಂದೆ, ಉಳಿದವರು ಬೆಂಚಿನ ಕೆಳಗೆ. ಉಸಿರಿನ ಸದ್ದೂ ಇಲ್ಲ.

"ಖರೇ ಹೇಳ್ತೀನ್ರಿ, ನನಗ ಭಾಳ ಖುಷಿ ಆತು," ಗುಂಡಮ್ಮ ಈಗ ನಗುತ್ತಾ ಹಣೆ ಚಚ್ಚಿಕೊಳ್ಳುತ್ತಾರೆ. "ನನ್ನ ಮಕ್ಕಳು ಎಷ್ಟು ಶಾಣ್ಯಾ, ಹೊಸಾ ಜಾಗದಾಗೂ ನಾ ಕಲಿಸಿದ್ದು ಮರೀಲಿಲ್ಲಲ್ಲ ಅಂತ. ಆಮ್ಯಾಲ ಮೇಡಂ ಅವರ ಮಾರಿ ನೋಡಿದ್ನಿ."

ಮೇಡಂ ಬಗ್ಗಿ ಬೆಂಚಿನಡಿ ನೋಡಿ, ಈ ಮಕ್ಕಳಿಗೆ ಕಿವಿ ಕೇಳುವುದಿಲ್ಲವೇ ಎಂದು ವಿಚಾರಿಸಿದರು. ವ್ಯಂಗ್ಯವಿರಲಿಲ್ಲ, ನಿಜಕ್ಕೂ ಕಳವಳದಿಂದಲೇ ಕೇಳಿದ್ದು. ಹೊರಗೆಳೆದು ನಿಲ್ಲಿಸಿದ ಮೇಲೆ ಶಾಂಭವಿಗೆ ಒಂದೊಂದೇ ಪ್ರಶ್ನೆ ಹಾಕಿದರು. ಓದಲು ಬರುತ್ತದಾ? ಅವಳು ತಲೆಯಾಡಿಸಿದಳು. ಬರುವುದಿಲ್ಲವಾ? ಅದಕ್ಕೂ ತಲೆಯಾಡಿಸಿದಳು. ಸುಮಂಗಲಾ ಟೀಚರ್ ಕನ್ನಡದಲ್ಲಿ ಕೇಳಿದರೂ ಅದೇ. ಕಟ್ಟಡ ಕೆಲಸದವರ ರೀತಿಯೇ ಹಾಗೆ. ಮೇಸ್ತ್ರಿ ಏನು ಹೇಳಿದರೂ ತಿಳಿಯಲಿಲ್ಲ ಎನ್ನುವ ಹಾಗಿಲ್ಲ. ತಲೆಯಾಡಿಸಿ ಬಂದು ಆಮೇಲೆ ಪಕ್ಕದವರನ್ನು ಕೇಳಿ ತಿಳಿದುಕೊಳ್ಳಬೇಕು. ಗೊತ್ತಿಲ್ಲ ಎಂದವನಿಗೆ ಮರುದಿನ ಕೆಲಸವಿಲ್ಲ. ಅಪ್ಪ ಅವ್ವ ಹಾಗೆ ತಲೆಯಾಡಿಸುವುದನ್ನು ಶಾಂಭವಿ ಚಿಕ್ಕಂದಿನಲ್ಲೇ ಕಂಡಿದ್ದಳು.

ಬಾಯಿ ತೆರೆಯದ ಮಗುವನ್ನು ಯಾವ ತರಗತಿಗೆಂದು ಹಾಕುವುದು? ದೊಡ್ಡ ಮೇಡಂ ಕಟುಕರಲ್ಲ. ಸದ್ಯಕ್ಕೆ ಒಂದನೆಯ ತರಗತಿಯಲ್ಲಿ ಕೂರಲಿ, ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ನಾನೇ ಮತ್ತೊಮ್ಮೆ ಕೇಳುತ್ತೇನೆ, ಮಾತಾಡಿದರೆ ವಯಸ್ಸಿಗೆ ತಕ್ಕ ತರಗತಿಗೆ ಕಳಿಸೋಣ ಎಂದರು. ಹತ್ತು ವರ್ಷದ ಶಾಂಭವಿ ಹಾಲುಹಲ್ಲು ಬೀಳದ ಮಕ್ಕಳ ನಡುವೆ, ಮೊಣಕಾಲು ಮಡಚಲಾಗದ ಪುಟ್ಟ ಬೆಂಚಿನಲ್ಲಿ ಕುಳಿತಳು. ಪಕ್ಕದ ಕೂಸುಗಳು ಅವಳನ್ನು ಆಯಾ ಎಂದುಕೊಂಡು ಚಡ್ಡಿಯ ಗುಂಡಿ ಹಾಕಿಸಿಕೊಳ್ಳಲು ಬರುತ್ತಿದ್ದವು. ಅವಳು ಹಾಕಿ ಕಳಿಸುತ್ತಿದ್ದಳು, ಒಂದು ಮಾತೂ ಆಡದೆ.

ತಾಯಿ ಪಾರ್ವತೆಮ್ಮನಿಗೆ ಇದು ಸಹಿಸಲಾಗಲಿಲ್ಲ. "ಸಣ್ಣ ಕೂಸುಗಳ್ನ ಆಡ್ಸಾಕ ಸಾಲಿಗೆ ಯಾಕ ಹೋಗ್ಬೇಕು? ಮನ್ಯಾಗೊಂದು ಐತಿ, ಅದನ್ನ ಆಡಸ್ಲಿ," ಎಂದರು. ಅರ್ಧವಾರ್ಷಿಕದ ನಂತರವೂ ಮೇಲಿನ ತರಗತಿಗೆ ಹಾಕದಿದ್ದರೆ ಶಾಲೆ ಬಿಡಿಸುವುದೇ ಸೈ ಎಂದು ಗಂಡಹೆಂಡತಿ ತೀರ್ಮಾನಿಸಿದರು. ಅಂದರೆ ಶಾಂಭವಿಗೆ ಉಳಿದದ್ದು ಒಂದೇ ಅವಕಾಶ. ಚನ್ನುವಿನ ಗತಿಯೇ ಇವಳಿಗೂ ಕಾದಿದೆ ಎಂದು ಗುಂಡಮ್ಮನಿಗೆ ನಿದ್ದೆ ಹತ್ತದಾಯಿತು.

ದಾರಿ ಕಂಡಿದ್ದು ಫ್ಲ್ಯಾಟಿನಲ್ಲಿ. ಅವರು ಪಾತ್ರೆ ತೊಳೆಯುವ ಮನೆಯ ಒಡತಿ ಮಧುರಾ, ಮೈಸೂರಿನವರು, ಐಟಿ ಕಂಪನಿಯಲ್ಲಿ ಕೆಲಸ. ಮಗ ಪ್ರಜ್ವಲನಿಗೆ ಐದು ವರ್ಷ. ಗುಂಡಮ್ಮ ಅಷ್ಟು ದಿನ ಆ ಹುಡುಗನನ್ನು ಬರೀ ತಲೆಹರಟೆ ಎಂದುಕೊಂಡಿದ್ದರು. ಈಗ ಕಿವಿಗೊಟ್ಟು ಕೇಳತೊಡಗಿದರು. ದೋಸೆ ಬೇಕೋ ಉಪ್ಪಿಟ್ಟೋ ಎಂದು ತಾಯಿ ಕೇಳುತ್ತಾರೆ. ಎರಡೂ ಬೇಡ ಎನ್ನುತ್ತಾನೆ. ಯಾಕೆ ಎನ್ನುತ್ತಾರೆ, ಕಾರಣ ಕೊಡುತ್ತಾನೆ. ಕಾರಣ ಚೆನ್ನಾಗಿದ್ದರೆ ತಾಯಿ ಒಪ್ಪುತ್ತಾರೆ ಕೂಡ! ಒಂದು ದಿನ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರು ಬಾಗಿಲಿಗೆ ಬಂದಾಗ ಆ ಚೋಟುದ್ದದ ಹುಡುಗ, "ಅಂಕಲ್, ಲಿಫ್ಟು ಯಾಕೆ ಇನ್ನೂ ರಿಪೇರಿ ಮಾಡಿಸಿಲ್ಲ?" ಎಂದು ಕೇಳಿಬಿಟ್ಟ. ಒಳಗೆ ಗುಂಡಮ್ಮನ ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತಿತು. ಅವರ ಕಡೆ ಒಂದು ಮಗು ಮೇಸ್ತ್ರಿಗೆ ಹೀಗೆ ಕೇಳಿದ್ದರೆ ಮೊದಲ ಏಟು ಹೆತ್ತ ತಾಯಿಯಿಂದಲೇ ಬೀಳುತ್ತಿತ್ತು. ಇಲ್ಲಿ ಅಧ್ಯಕ್ಷರು ಐದು ವರ್ಷದವನಿಗೆ ಬಿಡಿಭಾಗ ಸಿಗದಿರುವ ಕತೆಯನ್ನೆಲ್ಲ ವಿವರಿಸಿ ಹೋದರು.

"ಇದನ್ನ ಎಲ್ಲಿ ಕಲಿಸಿದ್ರಿ ಅಕ್ಕಾರ, ಯಾವ ಟ್ಯೂಷನ್ನಿನಾಗ?" ಎಂದು ಕೇಳಿದರು ಗುಂಡಮ್ಮ.

ಮಧುರಾ ನಕ್ಕರು. "ಟ್ಯೂಷನ್ ಎಲ್ಲಿಂದ ಬಂತು ಗುಂಡಮ್ಮ? ಸುಮ್ನೆ ಮಾತಾಡ್ತೀವಿ ಅಷ್ಟೇ. ನಮ್ಮಮ್ಮನೂ ನನ್ನ ಹತ್ರ ಹೀಗೇ ಮಾತಾಡೋರು."

ಫೀಸು, ಪುಸ್ತಕ, ಬೂಟು, ಬಸ್ಸು ಎಲ್ಲ ಕಣ್ಣಿಗೆ ಕಾಣುವ ಅಂತರ. ಅದರ ಬಗ್ಗೆ ಭಾಷಣಗಳಾಗುತ್ತವೆ, ಯೋಜನೆಗಳೂ ಬರುತ್ತವೆ. ಆದರೆ ಪ್ರಜ್ವಲ ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ದೊಡ್ಡವರ ಜೊತೆ ಮಾತಿನ ಸಾಮು ಮಾಡಿ ಬಂದಿರುತ್ತಾನೆ, ಶಾಂಭವಿ ಸದ್ದಿಲ್ಲದೆ ಅಡಗುವ ಸಾಮು ಮಾಡಿ ಬಂದಿರುತ್ತಾಳೆ. ಇಬ್ಬರ ತಾಯಂದಿರೂ ಮಕ್ಕಳಿಗೆ ಒಳ್ಳೆಯದನ್ನೇ ಕಲಿಸಿದವರು. ಶಾಲೆಯಲ್ಲಿ ಮಾತ್ರ ಒಬ್ಬ ಜಾಣ, ಒಬ್ಬಳು ದಡ್ಡಿ. ಇದನ್ನು ಯೋಚಿಸಿದರೆ ಸಿಟ್ಟು ಬರುತ್ತದೆ. ಗುಂಡಮ್ಮನಿಗೂ ಬಂತು, ಆದರೆ ಅವರು ಸಿಟ್ಟಿನಲ್ಲಿ ಕೂರುವ ಪೈಕಿ ಅಲ್ಲ. ಮರುದಿನ ಬೆಳಗ್ಗೆಯೇ ಬಾಚಣಿಗೆ ಎತ್ತಿ ಹಿಡಿದು, ಒಂದು ಜಡೆಯೋ ಎರಡೋ ಎಂದು ಕೇಳಿದರು.

ಶುರುವಿನ ದಿನಗಳು ನಗೆಪಾಟಲು. ಅವಲಕ್ಕಿಯೋ ರೊಟ್ಟಿಯೋ ಎಂದಿದ್ದಕ್ಕೆ ಒಬ್ಬ ಹುಡುಗ ಅತ್ತೇಬಿಟ್ಟ. ತಾನೇನೋ ತಪ್ಪು ಮಾಡಿದ್ದೇನೆ ಎಂದು ಅವನ ಎಣಿಕೆ. ತಂದೆಯೊಬ್ಬ ಬಂದು, ಎದುರು ಮಾತು ಕಲಿತರೆ ನಾಳೆ ನಮಗೇ ಎದುರು ನಿಲ್ಲುತ್ತವೆ ಎಂದು ತಕರಾರು ತೆಗೆದ. ಎಲ್ಲಕ್ಕಿಂತ ದೊಡ್ಡ ಗಂಡಾಂತರ ಬಂದಿದ್ದು ಸೈಟಿನ ಇಂಜಿನಿಯರ್ ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದಾಗ. ಗುಂಡಮ್ಮ "ಹದ್ದು" ಎಂದರೂ ಒಬ್ಬ ಹುಡುಗಿ ಅಡಗಲಿಲ್ಲ. ನೆಟ್ಟಗೆ ಹೋಗಿ ತನಗೆ ಬರುವ ಹರಕು ಹಿಂದಿಯಲ್ಲಿ, "ಸಾಬ್, ಆಪ್ ಕಾ ಟೋಪಿ ಸಫೇದ್ ಕ್ಯೂಂ?" ಎಂದಳು.

"ನನ್ನ ಜೀವಾ ಬಾಯಿಗಿ ಬಂದಿತ್ರಿ. ಎಲ್ಲಾ ಶೆಡ್ ಖಾಲಿ ಮಾಡಸ್ತಾರ, ನನ್ನಿಂದ ಇಷ್ಟು ಮಂದಿ ಹೊಟ್ಟಿಗಿ ಕಲ್ಲು ಬಿತ್ತು ಅನಕೊಂಡೆ," ಎನ್ನುತ್ತಾರೆ. ಇಂಜಿನಿಯರ್ ತನ್ನ ಹೆಲ್ಮೆಟ್ ಮುಟ್ಟಿ ನೋಡಿಕೊಂಡು, ಕೂಲಿಯವರಿಗೆ ಹಳದಿ, ತನ್ನಂಥವರಿಗೆ ಬಿಳಿ ಎಂದು ಹುಡುಗಿಗೆ ವಿವರಿಸಿದರು. ಆಮೇಲೆ ಮೇಸ್ತ್ರಿಯನ್ನು ಕರೆದು, ಶೆಡ್ಡಿಗೂ ಕೆಲಸದ ಜಾಗಕ್ಕೂ ನಡುವೆ ತಗಡಿನ ಬೇಲಿ ಹಾಕಿಸಿ, ಮಕ್ಕಳು ಅದರ ಆಚೆಗೇ ಇರಲಿ ಎಂದು ಹೋದರು. ಅಷ್ಟಕ್ಕೇ ಮುಗಿಯಿತು. ಅಂದು ಎಲ್ಲ ಶೆಡ್ಡಿನವರೂ ನಿರಾಳವಾಗಿ ಉಂಡರು.

ಸಣ್ಣವರ ಬಾಯಿ ಬೇಗ ಸಡಿಲವಾಯಿತು. ಶಾಂಭವಿಯದೇ ಕಷ್ಟ. ಚಿಕ್ಕಂದಿನಲ್ಲಿ ಕಲಿತ ಪಾಠವನ್ನು ಅವಳಷ್ಟು ಚೆನ್ನಾಗಿ ಯಾರೂ ಕಲಿತಿರಲಿಲ್ಲ. ಗುಂಡಮ್ಮ ಹೋಗಿ ಸುಮಂಗಲಾ ಟೀಚರನ್ನು ಕೇಳಿದರು, ದೊಡ್ಡ ಮೇಡಂ ಏನು ಕೇಳುತ್ತಾರೆ, ಯಾವುದಕ್ಕೆ ಉತ್ತರ ಬಾಯಿಪಾಠ ಮಾಡಿಸಬೇಕು ಎಂದು.

"ಬಾಯಿಪಾಠ ಬ್ಯಾಡ ಗುಂಡಮ್ಮ," ಎಂದರು ಟೀಚರ್. "ಗೊತ್ತಿಲ್ಲ ಅಂದ್ರೂ ನಡೀತೈತಿ. ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ ಅಂದ್ರಂತೂ ಇನ್ನೂ ಚೊಲೊ. ಬಾಯಿ ಬಿಟ್ಟರ ಸಾಕು, ಮುಂದಿಂದು ನಾ ಕಲಿಸ್ತೀನಿ."

"ಗೊತ್ತಿಲ್ಲ ಅಂತ ಹೇಳಿದ್ರ ಹೊರಗ ಹಾಕೂದಿಲ್ಲೇನ್ರಿ?" ಗುಂಡಮ್ಮನಿಗೆ ನಂಬಿಕೆ ಬರಲು ಅದನ್ನು ಮತ್ತೆ ಮತ್ತೆ ಕೇಳಬೇಕಾಯಿತು.

ಅಂದು ಸಂಜೆ ಮಲ್ಲಣ್ಣನ ಹೆಲ್ಮೆಟ್ ತಲೆಗೇರಿಸಿ, ಕೊರಳಿಗೆ ದಾರ ಕಟ್ಟಿದ ರಟ್ಟಿನ ಚೂರು ನೇತುಹಾಕಿಕೊಂಡು ಗುಂಡಮ್ಮ ದೊಡ್ಡ ಮೇಡಂ ಆದರು. ಶಾಂಭವಿಯನ್ನು ಎದುರು ನಿಲ್ಲಿಸಿ, ತೆಲುಗೂ ಅಲ್ಲದ ಹಿಂದಿಯೂ ಅಲ್ಲದ ಏನೋ ಒಂದನ್ನು ಗಟ್ಟಿಯಾಗಿ ಬಡಬಡಿಸಿದರು. ಶಾಂಭವಿ ತಲೆಯಾಡಿಸಿದಳು.

"ನಾ ಏನಂದೆ ಅಂತ ನನಗೇ ತಿಳೀಲಿಲ್ಲ, ನಿನಗ ಏನು ತಿಳೀತು ತಂಗಿ?"

ಮತ್ತೊಮ್ಮೆ ಬಡಬಡಿಸಿದರು. ಮತ್ತೆ ತಲೆಯಾಟ. ಸುತ್ತ ನಿಂತ ಮಕ್ಕಳು ಬಿದ್ದುಬಿದ್ದು ನಗುತ್ತಿದ್ದವು, ಹೆಲ್ಮೆಟ್ ಗುಂಡಮ್ಮನ ಮೂಗಿಗೆ ಇಳಿಯುತ್ತಿತ್ತು. ಎಷ್ಟೋ ಸಂಜೆ ಈ ಆಟ ನಡೆದ ಮೇಲೆ ಒಂದು ದಿನ ಶಾಂಭವಿಯ ತಲೆ ಆಡಲಿಲ್ಲ. ಅವಳಿಗೆ ನಗು ಬಂದುಬಿಟ್ಟಿತ್ತು. ನಗುವಿನ ನಡುವೆಯೇ, "ತಿಳೀಲಿಲ್ಲ ಆಯಿ, ನೀ ಏನಂತಿ?" ಎಂದಳು. ಆಡುವ ಆಟ ಬಿಟ್ಟು ಗುಂಡಮ್ಮ ಅವಳನ್ನು ಅಪ್ಪಿಕೊಂಡರು.

ಅರ್ಧವಾರ್ಷಿಕ ಮುಗಿದು ದೊಡ್ಡ ಮೇಡಂ ಮತ್ತೊಮ್ಮೆ ಕೇಳುವ ದಿನ ಪಾರ್ವತೆಮ್ಮ ಕೂಲಿ ಬಿಟ್ಟು, ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದರು. ಇಬ್ಬರು ಹೆಂಗಸರೂ ದೊಡ್ಡ ಮೇಡಂ ಕೋಣೆಯ ಬಾಗಿಲ ಹೊರಗೆ. ಒಳಗೆ ಮೇಡಂ, ಸುಮಂಗಲಾ ಟೀಚರ್, ಮೇಜಿನ ಮುಂದೆ ಶಾಂಭವಿ. ಹೆಸರು ಹೇಳಿದಳು. ತೆಲುಗಿನ ಎರಡು ಸಾಲು ತಡವರಿಸುತ್ತಾ ಓದಿದಳು. ಆಮೇಲೆ ಮೇಡಂ ಬಾಯಿಲೆಕ್ಕವೊಂದನ್ನು ತೆಲುಗಿನಲ್ಲಿ ಸರಸರನೆ ಹೇಳಿ ಉತ್ತರಕ್ಕೆ ಕಾದರು. ಶಾಂಭವಿಯ ಗಲ್ಲ ನಿಧಾನವಾಗಿ ಕೆಳಗಿಳಿಯುವುದು ಬಾಗಿಲಿನಿಂದಲೇ ಕಾಣುತ್ತಿತ್ತು. ಇನ್ನೇನು ತಲೆಯಾಡಿಸುತ್ತಾಳೆ, ಎಲ್ಲ ಮುಗಿಯಿತು ಎಂದು ಗುಂಡಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು.

"ನಾಕು ಅರ್ಥಂ ಕಾಲೇದು ಮೇಡಂ," ಎಂದಳು ಶಾಂಭವಿ. "ಮಳ್ಳೀ ಚೆಪ್ಪಂಡಿ." ನನಗೆ ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ.

ದೊಡ್ಡ ಮೇಡಂ ಕನ್ನಡಕ ತೆಗೆದು ಹುಡುಗಿಯನ್ನು ನೋಡಿದರು. ಲೆಕ್ಕವನ್ನು ಮತ್ತೊಮ್ಮೆ, ಈ ಸಲ ಬಿಡಿಸಿ ಬಿಡಿಸಿ ಹೇಳಿದರು. ಶಾಂಭವಿಯ ಉತ್ತರ ತಪ್ಪಾಗಿತ್ತು. ಹೇಗೆ ಬಂತು ಎಂದು ಕೇಳಿದ್ದಕ್ಕೆ ಕನ್ನಡ ತೆಲುಗು ಬೆರೆಸಿ ಹೇಳುತ್ತಾ ಹೋದವಳು, ಅರ್ಧದಲ್ಲಿ ತಾನೇ ತಡೆದು, ಅಲ್ಲ ಎಂದು ಸರಿಪಡಿಸಿಕೊಂಡಳು. ಮೇಡಂ ಮುಖದಲ್ಲಿ ನಗು ಮೂಡಿತು. ನಾಲ್ಕನೆಯ ತರಗತಿಗೆ ಕರೆದುಕೊಂಡು ಹೋಗಿ ಎಂದು ಸುಮಂಗಲಾ ಟೀಚರಿಗೆ ಹೇಳಿದರು.

"ಅಲ್ಲೇ ಮೆಟ್ಟಲ ಮ್ಯಾಲ ಕುಂತುಬಿಟ್ಟೆ," ಎನ್ನುತ್ತಾರೆ ಗುಂಡಮ್ಮ. ಪಾರ್ವತೆಮ್ಮ ಕೂಸನ್ನು ಅವರ ಮಡಿಲಿಗೆ ಹಾಕಿ ಗೋಡೆಗೆ ಮುಖ ಮಾಡಿ ಅತ್ತರಂತೆ. ಮತ್ತೆ ಇಬ್ಬರೂ ಗೇಟಿನ ಹೊರಗಿನ ಅಂಗಡಿಯಲ್ಲಿ ಚಹಾ ಕುಡಿದು, ಏನೂ ಆಗದವರಂತೆ ಶೆಡ್ಡಿಗೆ ನಡೆದರು.

ಎಲ್ಲವೂ ಗೆದ್ದಹಾಗಲ್ಲ. ಶಾಂಭವಿಗೆ ತೆಲುಗು ಇನ್ನೂ ಸಾಲದು, ಇಂಗ್ಲಿಷ್ ಅಂತೂ ದೂರದ ಮಾತು. ಚೆನ್ನಾಗಿ ಬಾಯಿಬಿಡಲು ಕಲಿತಿದ್ದ ಅಣ್ಣತಂಗಿ ಇಬ್ಬರು ತಂದೆತಾಯಿಯ ಜೊತೆ ಬೇರೆ ಸೈಟಿಗೆ ಹೋದರು. ಅಲ್ಲಿ ಅವರನ್ನು ಬೆಳಗ್ಗೆ ಎಬ್ಬಿಸಿ ಏನು ಬೇಕೆಂದು ಕೇಳುವವರು ಇದ್ದಾರೋ ಇಲ್ಲವೋ ಎಂದು ಗುಂಡಮ್ಮ ಆಗಾಗ ಚಿಂತಿಸುತ್ತಾರೆ. ಈ ಕಟ್ಟಡ ಮುಗಿದರೆ ತಾವೂ ಗಂಟು ಕಟ್ಟಬೇಕು. ಅಷ್ಟರಲ್ಲಿ ಎಷ್ಟು ಮಕ್ಕಳ ಬಾಯಿ ತೆರೆಸಲಾದರೆ ಅಷ್ಟು ಎಂಬುದು ಅವರ ಅವಸರ.

ಕಳೆದ ವಾರ ಶಾಲೆಯಿಂದ ಪಾರ್ವತೆಮ್ಮನಿಗೆ ಕರೆ ಬಂತು. ಸ್ಲ್ಯಾಬ್ ಹಾಕುವ ದಿನ, ಬಿಟ್ಟು ಹೋಗುವ ಹಾಗಿಲ್ಲ. ಅವರ ಬದಲು ಗುಂಡಮ್ಮ ಹೋದರು. ಸುಮಂಗಲಾ ಟೀಚರ್ ನಿಜಕ್ಕೂ ಬೇಸತ್ತಿದ್ದರು. ಶಾಂಭವಿ ತರಗತಿಯಲ್ಲಿ ಬಾಯಿ ಮುಚ್ಚುವುದೇ ಇಲ್ಲ, ಪಾಠ ಮುಗಿಯುವ ಮೊದಲೇ ಹತ್ತು ಪ್ರಶ್ನೆ, ಅಕ್ಕಪಕ್ಕದವರನ್ನೂ ಕೆಡಿಸುತ್ತಿದ್ದಾಳೆ, ಮನೆಯಲ್ಲಿ ಸ್ವಲ್ಪ ಬುದ್ಧಿ ಹೇಳಿ ಎಂದರು. ಗುಂಡಮ್ಮ ಕೈಕಟ್ಟಿ ನಿಂತು, ಗಂಭೀರವಾಗಿ, ಕೊನೆಯ ಅಕ್ಷರದವರೆಗೂ ಕೇಳಿಸಿಕೊಂಡರು.

ಸಂಜೆ ಪಾರ್ವತೆಮ್ಮ ಗಾಬರಿಯಿಂದ ಓಡಿ ಬಂದರು. "ಏನಂದ್ರಕ್ಕಾ? ತಪ್ಪಾತು ಅಂತ ಕೈ ಮುಗದಿ ಇಲ್ಲೋ?"

"ಯಾಕ ಮುಗೀಲಿ?" ಎಂದರು ಗುಂಡಮ್ಮ. "ಚನ್ನೂನ ಕಾಲದಿಂದ ಸಾಲಿ ಬಾಗಲಿಗಿ ಹೋಗಾಕತ್ತೀನಿ, ಹುಡುಗ ಬಾಯಿ ಬಿಡಂಗಿಲ್ಲ, ಬಾಯಿ ಬಿಡಂಗಿಲ್ಲ ಅಂತ ಕೇಳಿ ತಲಿ ಕೆಳಗ ಹಾಕ್ಕೊಂಡು ಬಂದೀನಿ. ಇವತ್ತು ತಲಿ ಎತ್ಕೊಂಡು ಬಂದೆ ಪಾರೂ. ಇಂಥಾ ದೂರು ಹೇಳಾಕ ದಿನಾ ಕರೆಸಿದ್ರೂ, ಮೊಣಕಾಲು ನೋವಿದ್ರೂ, ದಿನಾ ಹೋಗ್ತೀನಿ."